ಕಾಲು ಅಂಗುಲಕ್ಕೆ ಒಂದು ಅಡಿ

ನಮ್ಮ ಮನೆಗೆ ಬಂದವರು ಮೊದಲು ಕೇಳೋದು ಟಿವಿ ಪಕ್ಕದಲ್ಲಿರುವ ಗಾಜಿನ ಪೆಟ್ಟಿಗೆ ಬಗ್ಗೆ. ಅದರೊಳಗೊಂದು ಹೆಂಚಿನ ಮನೆ ಇದೆ. ಉದ್ದ ಎಂಟು ಅಂಗುಲ, ಅಗಲ ನಾಲ್ಕೂವರೆ ಅಂಗುಲ. ಜಗಲಿ ಇದೆ, ಜಗಲಿಗೆ ಎರಡು ಕಂಬ ಇವೆ. ಹಿಂದೆ ಬಚ್ಚಲು, ಪಕ್ಕದಲ್ಲಿ ಸೌದೆ ಇಡುವ ಮಾಡು. ಮಾಡಿನ ಮೇಲೆ ಅಡಿಕೆ ಹಾಳೆಯಿಂದ ಕತ್ತರಿಸಿದ ಸಾವಿರಕ್ಕೂ ಹೆಚ್ಚು ಹೆಂಚು.

"ಎಲ್ಲಿ ತಗೊಂಡ್ರಿ?" ಅಂತ ಕೇಳ್ತಾರೆ. ತಗೊಂಡಿದ್ದಲ್ಲ, ಅಪ್ಪ ಮಾಡಿದ್ದು ಅಂತ ಹೇಳ್ತೀನಿ. "ಚೆನ್ನಾಗಿದೆ, ಮಾರಬಹುದಲ್ಲ" ಅಂತಾರೆ. ಅಲ್ಲಿಗೆ ಮಾತು ನಿಲ್ಲಿಸಿ ಕಾಫಿ ತರೋಕೆ ಎದ್ದು ಹೋಗ್ತೀನಿ.

ಆ ಮನೆಯ ಕತೆ ಹೇಳಬೇಕು ಅಂತ ಬಹಳ ದಿನದಿಂದ ಇತ್ತು. ಅದನ್ನು ಹೇಳಬೇಕಾದರೆ ಜರ್ಮನಿಯ ಒಂದು ಬೆಟ್ಟದೂರಿನ ಕತೆಯನ್ನೂ ಹೇಳಬೇಕು. ಎರಡಕ್ಕೂ ಎಂಥ ಸಂಬಂಧ ಅಂತ ಕೊನೆಗೆ ನೀವೇ ನೋಡಿ.

ಮೊದಲು ರೈಲಿನ ವಿಷಯ. ನಮ್ಮ ಮೂಡಿಗೆರೆಗೆ ರೈಲಿಲ್ಲ. ಚಿಕ್ಕಮಗಳೂರಿಗೆ ರೈಲು ಬಂದಿದ್ದೇ 2013ರ ನವೆಂಬರ್‌ನಲ್ಲಿ, ಕಡೂರಿನಿಂದ. ಅದಕ್ಕಿಂತ ಮೊದಲು ನಮಗೆ ರೈಲು ಅಂದರೆ ಸಕಲೇಶಪುರ. ಹ್ಯಾಂಡ್‌ಪೋಸ್ಟಿನಿಂದ ಜನ್ನಾಪುರ ದಾಟಿ ಬಸ್ಸಿನಲ್ಲಿ ಹೋಗಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಇಳಿಯುವ ಆ ಹಳಿ ನಿಮಗೆ ಗೊತ್ತೇ ಇದೆ. ಸುಮಾರು 55 ಕಿಲೋಮೀಟರ್, 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. 1979ರಲ್ಲಿ ಮೀಟರ್ ಗೇಜ್ ಆಗಿ ಶುರುವಾಗಿ, ಬ್ರಾಡ್ ಗೇಜ್ ಮಾಡೋಕೆ ಅಂತ 1996ರಲ್ಲಿ ನಿಂತಿತು. ಮತ್ತೆ ಜನ ಕೂರುವ ರೈಲು ಓಡಿದ್ದು 2007ರ ಡಿಸೆಂಬರ್‌ನಲ್ಲಿ. ಅಂದರೆ ನಾನು ಶಾಲೆ ಕಲಿತಷ್ಟೂ ವರ್ಷ ನಮ್ಮ ಘಾಟಿಯ ರೈಲು ಬಂದ್ ಆಗಿತ್ತು. ನಾನು ಮೊದಲು ಕಣ್ಣಾರೆ ಕಂಡ ರೈಲು ನಿಲ್ದಾಣ ಒಂದು ಕಾಫಿ ಎಸ್ಟೇಟಿನ ಬಂಗಲೆಯ ಅಟ್ಟದ ಮೇಲಿತ್ತು.

ತಮಾಷೆ ಅಲ್ಲ, ನಿಜ.

ಅಪ್ಪ ಬಡಗಿ. ಊರವರು ಆಚಾರ್ರೇ ಅಂತ ಕರೀತಾರೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಒಂದು ಹಳೇ ಬಂಗಲೆಯ ಮಾಡಿನ ಕೆಲಸ ಬಂದಿತ್ತು. ಪಕ್ಕಾಸು, ರೀಪು ಎಲ್ಲ ಬದಲಿಸಬೇಕಿತ್ತು. ದಸರಾ ರಜೆ. ಮೊಳೆ ಎತ್ತಿ ಕೊಡೋಕೆ ಅಂತ ನನ್ನನ್ನೂ ಕರ್ಕೊಂಡು ಹೋಗಿದ್ದರು. ಅಟ್ಟ ಖಾಲಿ ಮಾಡುವಾಗ ಒಂದು ದೊಡ್ಡ ಪ್ಲೈವುಡ್ ಹಲಗೆ ಸಿಕ್ಕಿತು. ಅದರ ಮೇಲೆ ಆಟದ ರೈಲಿನ ಹಳಿ. ಹಳಿ ಪಕ್ಕ ಒಂದು ನಿಲ್ದಾಣ, ಒಂದು ಚರ್ಚು, ನಾಲ್ಕೈದು ಮನೆ. ನನ್ನ ಕಿರುಬೆರಳಿನಷ್ಟು ಎತ್ತರವೂ ಇಲ್ಲದ ಮನುಷ್ಯರು. ಸಾಹುಕಾರರ ದೊಡ್ಡಪ್ಪ ಯಾರೋ ಓದೋಕೆ ಜರ್ಮನಿಗೆ ಹೋದವರು ತಂದಿದ್ದಂತೆ. ಗೆದ್ದಲು ಹಲಗೆಯನ್ನು ಅರ್ಧ ತಿಂದಿತ್ತು. ಮನೆಗಳನ್ನು ಮುಟ್ಟಿರಲಿಲ್ಲ, ಅವು ಪ್ಲಾಸ್ಟಿಕ್.

ನಿಲ್ದಾಣದ ಮಾಡು ಕಿತ್ತು ಬಿದ್ದಿತ್ತು. ಸಾಹುಕಾರರು, "ಆಚಾರ್ರೇ, ಇದೊಂದು ಅಂಟಿಸಿಕೊಡಿ, ಮೊಮ್ಮಕ್ಕಳು ಬರ್ತಾರೆ" ಅಂದರು. ಅಪ್ಪ ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಪೆಟ್ಟಿಗೆಯೊಳಗೆ ಒಂದು ಹಾಳೆ ಇತ್ತು. ಅಕ್ಷರ ಹೆಚ್ಚಿರಲಿಲ್ಲ. ಮನೆಯನ್ನು ಬಿಡಿಬಿಡಿ ಮಾಡಿ ಗಾಳಿಯಲ್ಲಿ ತೇಲಿಸಿದ ಹಾಗೆ ಚಿತ್ರ, ಪ್ರತಿ ತುಂಡಿಗೂ ಒಂದು ನಂಬರು. ಅಪ್ಪ ಓದಿದ್ದು ನಾಲ್ಕನೇ ಕ್ಲಾಸು. ಆದರೆ ಆ ಹಾಳೆಯನ್ನು ನ್ಯೂಸ್ ಪೇಪರ್ ಓದಿದ ಹಾಗೆ ಓದಿದರು.

"ನೋಡು, ಇದನ್ನ ಮಾಡಿದವನಿಗೆ ಪಕ್ಕಾಸು ಎಲ್ಲಿ ಕೂರುತ್ತೆ ಅಂತ ಗೊತ್ತು. ಗೊಂಬೆ ಮಾಡೋನಲ್ಲ ಇವನು, ಮನೆ ಕಟ್ಟೋನು" ಅಂದರು.

ಪೆಟ್ಟಿಗೆ ಮೇಲಿದ್ದ ಹೆಸರನ್ನು ನಾನು ಇಂಗ್ಲಿಷ್ ಅಕ್ಷರ ಕೂಡಿಸಿ ಓದಿದ್ದೆ: ಫಾಲರ್. ಆ ಹೆಸರು ಅದ್ಯಾಕೋ ತಲೆಯಲ್ಲಿ ಉಳಿಯಿತು.

ಮುಂದೆ ಪತ್ರಿಕೋದ್ಯಮ ಡಿಪ್ಲೊಮಾ ಮಾಡಿ, ಪತ್ರಿಕೆಗೆ ಸುದ್ದಿ ಕಳಿಸೋಕೆ ಶುರು ಮಾಡಿ, ಕೈಗೆ ಸ್ಮಾರ್ಟ್‌ಫೋನ್ ಬಂದ ಮೇಲೆ ಒಂದು ರಾತ್ರಿ ಆ ಹೆಸರನ್ನು ಹುಡುಕಿದೆ. ಅಂದಿನಿಂದ ಸಿಕ್ಕಿದ್ದನ್ನು ಓದುತ್ತಾ ಬಂದಿದ್ದೇನೆ.

ಜರ್ಮನಿಯ ನೈರುತ್ಯ ಮೂಲೆಯಲ್ಲಿ ಒಂದು ಬೆಟ್ಟಸಾಲು ಇದೆ. ಹೆಸರು ಶ್ವಾರ್ಟ್ಸ್‌ವಾಲ್ಡ್, ಅಂದರೆ ಕಪ್ಪು ಕಾಡು. ಅಲ್ಲಿ ಗ್ಯೂಟೆನ್‌ಬಾಖ್ ಅನ್ನುವ ಹಳ್ಳಿ. ಜನಸಂಖ್ಯೆ ಸಾವಿರ ಚಿಲ್ಲರೆ. ನಮ್ಮಲ್ಲಿ ಒಂದು ಸಣ್ಣ ಗ್ರಾಮ ಪಂಚಾಯಿತಿಗೂ ಸಾಲದು. ನಮಗೆ ಮೂರು ನಾಲ್ಕು ತಿಂಗಳು ಮಳೆ ಹಿಡಿದ ಹಾಗೆ ಅವರಿಗೆ ಹಿಮ. ಹೊಲದ ಕೆಲಸ ನಿಲ್ಲುವ ಆ ತಿಂಗಳುಗಳಲ್ಲಿ ಅಲ್ಲಿನ ರೈತರು ಮನೆಯೊಳಗೆ ಕೂತು ಮರ ಕೆತ್ತಿ ಗಡಿಯಾರ ಮಾಡೋದು ಕಲಿತರು. ಗಂಟೆಗೊಮ್ಮೆ ಹಕ್ಕಿ ಹೊರಬಂದು ಕೂಗುವ ಕುಕ್ಕೂ ಗಡಿಯಾರ ನೋಡಿದ್ದೀರಲ್ಲ, ಅದು ಪ್ರಸಿದ್ಧವಾಗಿದ್ದು ಈ ಸೀಮೆಯಿಂದಲೇ. ಪಕ್ಕದ ಫುರ್ಟ್‌ವಾಂಗನ್ ಊರಲ್ಲಿ ಗಡಿಯಾರಗಳದ್ದೇ ಒಂದು ಮ್ಯೂಸಿಯಂ ಇದೆ. ಅಂದರೆ ಸಣ್ಣ ಮರದ ತುಂಡನ್ನು ಕೂದಲೆಳೆ ಲೆಕ್ಕದಲ್ಲಿ ಕೂರಿಸುವ ಕೈಗಳು ಆ ಬೆಟ್ಟದಲ್ಲಿ ತಲೆಮಾರುಗಳಿಂದ ಇದ್ದವು.

ಆ ಹಳ್ಳಿಯಲ್ಲಿ 1946ರಲ್ಲಿ ಎಡ್ವಿನ್ ಫಾಲರ್ ಮತ್ತು ಹರ್ಮನ್ ಫಾಲರ್ ಅನ್ನುವ ಅಣ್ಣತಮ್ಮಂದಿರು ಒಂದು ಸಣ್ಣ ಕಂಪನಿ ಶುರು ಮಾಡಿದರು.

ಇಸವಿ ಗಮನಿಸಿ, 1946. ಯುದ್ಧ ಸೋತು ಒಂದು ವರ್ಷ ಆಗಿತ್ತು. ಆ ಭಾಗ ಫ್ರೆಂಚ್ ಸೈನ್ಯದ ಕೈಯಲ್ಲಿತ್ತು. ಅವರಿಗೆ ಹತ್ತಿರದ ದೊಡ್ಡ ಪೇಟೆ ಫ್ರೈಬರ್ಗ್. ಅದರ ಮೇಲೆ 1944ರ ನವೆಂಬರ್ 27ರ ರಾತ್ರಿ ಬಾಂಬು ಬಿದ್ದು ಹಳೇ ಪೇಟೆಯ ಬಹುಭಾಗ ನೆಲಸಮವಾಗಿತ್ತು. ದೇಶದಲ್ಲಿ ಲಕ್ಷಾಂತರ ಜನಕ್ಕೆ ಮನೆ ಇಲ್ಲ. ದುಡ್ಡಿಗೆ ಬೆಲೆ ಇಲ್ಲ, ಹೊಸ ನೋಟು ಬಂದಿದ್ದೇ 1948ರಲ್ಲಿ. ಅಂಥ ಹೊತ್ತಿನಲ್ಲಿ ಈ ಅಣ್ಣತಮ್ಮ ಮಾಡಿದ್ದು ಮರ ಮತ್ತು ರಟ್ಟಿನ ಪುಟಾಣಿ ಮನೆಗಳನ್ನು.

ಮೊದಲ ಸಲ ಇದನ್ನು ಓದಿದಾಗ ನನಗೆ ನಗು ಬಂದಿತ್ತು. ಮನೆ ಕಳಕೊಂಡ ಊರಲ್ಲಿ ಆಟದ ಮನೆ ಮಾರೋಕೆ ಹೊರಟರಲ್ಲ ಅಂತ.

ಆದರೆ ವ್ಯಾಪಾರದ ಲೆಕ್ಕ ಅವರಿಗೆ ಗೊತ್ತಿತ್ತು. ಜರ್ಮನಿಯ ಗೋಪಿಂಗನ್ ಊರಿನ ಮಾರ್ಕ್ಲಿನ್ ಕಂಪನಿ 1859ರಿಂದಲೇ ಇತ್ತು. 1935ರ ಸುಮಾರಿಗೆ ಅವರೂ, ಟ್ರಿಕ್ಸ್ ಅನ್ನುವ ಇನ್ನೊಂದು ಕಂಪನಿಯೂ ಮೇಜಿನ ಮೇಲೆ ಓಡುವಷ್ಟು ಚಿಕ್ಕ ರೈಲು ಮಾರುಕಟ್ಟೆಗೆ ಬಿಟ್ಟಿದ್ದರು. ರೈಲು ಇದ್ದ ಮೇಲೆ ನಿಲ್ದಾಣ ಬೇಕು, ನಿಲ್ದಾಣ ಇದ್ದ ಮೇಲೆ ಊರು ಬೇಕು. ರೈಲು ಒಂದು ಸಲ ಕೊಂಡರೆ ಮುಗಿಯಿತು, ಊರು ಮುಗಿಯೋದಿಲ್ಲ. ಈ ವರ್ಷ ಅಂಚೆ ಕಚೇರಿ, ಬರುವ ಕ್ರಿಸ್‌ಮಸ್‌ಗೆ ಮರ ಕೊಯ್ಯುವ ಮಿಲ್ಲು. ಮನೆಯನ್ನು ಜೋಡಿಸಿ ಕೊಡದೆ ತುಂಡುಗಳಾಗಿ ಪೆಟ್ಟಿಗೆಯಲ್ಲಿ ಕೊಟ್ಟರೆ ಬೆಲೆಯೂ ಕಡಿಮೆ, ಕೊಂಡವನಿಗೆ ಕೆಲಸದ ಖುಷಿಯೂ ಉಂಟು.

ಐವತ್ತರ ದಶಕದಲ್ಲಿ ಪ್ಲಾಸ್ಟಿಕ್ ಬಂತು. ಈ ಕೆಲಸ ಹೇಗೆ ನಡೆಯುತ್ತೆ ಅಂತ ಸ್ವಲ್ಪ ಹೇಳ್ತೀನಿ. ಉಕ್ಕಿನ ಎರಡು ದಿಮ್ಮಿಗಳಲ್ಲಿ ಗೋಡೆ, ಕಿಟಕಿ, ಹೆಂಚಿನ ಸಾಲು ಎಲ್ಲವನ್ನೂ ಉಲ್ಟಾ ಕೊರೆದು ಅಚ್ಚು ಮಾಡ್ತಾರೆ. ಎರಡನ್ನೂ ಬಿಗಿಯಾಗಿ ಒತ್ತಿಟ್ಟು ಕರಗಿದ ಪ್ಲಾಸ್ಟಿಕ್ಕನ್ನು ನುಗ್ಗಿಸ್ತಾರೆ. ತಣ್ಣಗಾದ ಮೇಲೆ ಬಿಡಿಸಿದರೆ, ಬಳ್ಳಿಯಲ್ಲಿ ಕಾಯಿ ಜೋತ ಹಾಗೆ ತುಂಡುಗಳು ಒಂದು ಹಂದರದಲ್ಲಿ ಬರ್ತವೆ. ಕತ್ತರಿಸಿ ತೆಗೆದು ಅಂಟಿಸಬೇಕು. ಆ ಅಂಟು ಫೆವಿಕಾಲ್ ಥರದ್ದಲ್ಲ. ಅದು ಪ್ಲಾಸ್ಟಿಕ್ಕಿನ ಅಂಚನ್ನೇ ಸ್ವಲ್ಪ ಕರಗಿಸಿ ಎರಡನ್ನೂ ಬೆಸೆಯುತ್ತೆ. ಅಚ್ಚು ಮಾಡೋದು ಬಹಳ ದುಬಾರಿ. ಅಚ್ಚು ಆದ ಮೇಲೆ ಒಂದೊಂದು ಮನೆ ಅಗ್ಗ. ಹಾಗಾಗಿ ಒಂದು ಮನೆಯ ಅಚ್ಚು ಮಾಡಿದರೆ ಹತ್ತಿಪ್ಪತ್ತು ವರ್ಷ ಅದನ್ನೇ ಮಾರಬೇಕು.

ಇನ್ನು ಅಳತೆ. ಹೆಚ್ಚಿನ ಮನೆಗಳು 1:87ರಲ್ಲಿ. ನಿಜವಾದ ಮನೆಯನ್ನು 87 ಪಾಲು ಮಾಡಿ ಒಂದು ಪಾಲು ಇಟ್ಟುಕೊಂಡ ಹಾಗೆ. ಏಳು ಅಡಿ ಬಾಗಿಲು ಹತ್ತಿರ ಹತ್ತಿರ ಒಂದು ಅಂಗುಲ ಆಗುತ್ತೆ.

ಫಾಲರ್ ಮನೆಗಳಲ್ಲಿ ಬಹಳ ಹೆಸರು ಮಾಡಿದ್ದು 1961ರಲ್ಲಿ ಬಂದ 'ಟೆಸಿನ್‌ನ ವಿಲ್ಲಾ'. ಸ್ವಿಟ್ಜರ್ಲೆಂಡಿನ ಟೆಸಿನ್ ಸೀಮೆಯಲ್ಲಿದ್ದ ಒಂದು ಹೊಸ ಕಾಲದ ಮನೆ ಅದಕ್ಕೆ ಮಾದರಿ. ಹರ್ಮನ್ ಫಾಲರ್‌ಗೆ ಆ ಮನೆ ಎಷ್ಟು ಹಿಡಿಸಿತು ಅಂದರೆ ಗ್ಯೂಟೆನ್‌ಬಾಖ್‌ನಲ್ಲಿ ತಾನಿರೋಕೂ ಅದೇ ಥರದ ಮನೆ ಕಟ್ಟಿಸಿಕೊಂಡ. ಅದನ್ನೇ ಪೆಟ್ಟಿಗೆಯಲ್ಲಿಟ್ಟು ಮಕ್ಕಳಿಗೂ ಮಾರಿದ. ಮುಂದೆ 1963ರಲ್ಲಿ ಆಟದ ಕಾರು ಓಡುವ ರಸ್ತೆ ಮಾಡಿದರು. 1989ರಲ್ಲಿ ರಸ್ತೆಯಡಿ ಹುದುಗಿಸಿದ ತಂತಿಯನ್ನು ಅಯಸ್ಕಾಂತದಿಂದ ಹಿಂಬಾಲಿಸಿ ತಾನೇ ತಿರುಗಿಕೊಂಡು ಹೋಗುವ ಬಸ್ಸು, ಲಾರಿ ಬಂದವು. ಹ್ಯಾಂಬರ್ಗ್‌ನಲ್ಲಿ 2001ರಲ್ಲಿ ಶುರುವಾದ ದೊಡ್ಡ ಮಾದರಿ ರೈಲು ಪ್ರದರ್ಶನದ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಅಲ್ಲಿ ರಸ್ತೆ ಮೇಲೆ ಓಡುವ ವಾಹನಗಳ ಮೂಲ ಉಪಾಯ ಈ ಹಳ್ಳಿಯದ್ದೇ.

ಮಧ್ಯೆ ಏಟೂ ಬಿತ್ತು. ಮಕ್ಕಳು ಕಂಪ್ಯೂಟರ್ ಆಟಕ್ಕೆ ಹೋದರು. ರೈಲಿನ ಹುಚ್ಚಿನವರಿಗೆ ವಯಸ್ಸಾಯಿತು. 2009ರಲ್ಲಿ ಮಾರ್ಕ್ಲಿನ್ ದಿವಾಳಿ ಅರ್ಜಿ ಹಾಕಿತು, ಅದೇ ವರ್ಷ ಫಾಲರ್ ಕೂಡ. ಎರಡೂ ಸಾಯಲಿಲ್ಲ. ಕಂಪನಿಯನ್ನು ಸರಿಮಾಡಿಕೊಂಡು ಮುಂದುವರಿದವು.

ಇದನ್ನೆಲ್ಲ ಓದುವಾಗ ನನಗೆ ಒಂದೇ ಪ್ರಶ್ನೆ. ನಮ್ಮಲ್ಲಿ ಯಾಕೆ ಇಂಥದ್ದು ಆಗಲಿಲ್ಲ? ಮರ ನಮ್ಮಲ್ಲಿಲ್ಲವಾ? ಮಳೆಗಾಲ ಇಲ್ಲವಾ? ಆಚಾರ್ರು ಇಲ್ಲವಾ?

ಇದೇ ಯೋಚನೆಯಲ್ಲಿ ಒಮ್ಮೆ ಮೈಸೂರಿನಿಂದ ಬೆಂಗಳೂರಿಗೆ ಹೋಗುವಾಗ ಚನ್ನಪಟ್ಟಣದಲ್ಲಿ ಇಳಿದೆ. ಅಲ್ಲಿ ಆಟಿಕೆ ರೈಲು ಮಾಡ್ತಾರೆ ಅಂತ ಎಲ್ಲರಿಗೂ ಗೊತ್ತು. ಕೆಂಪು ಎಂಜಿನ್, ಹಳದಿ ಬೋಗಿ, ಹಸಿರು ಚಕ್ರ. ಆಲೆ ಮರದ ತುಂಡನ್ನು ಲೇತ್‌ಗೆ ಸಿಕ್ಕಿಸಿ ತಿರುಗಿಸ್ತಾರೆ, ಉಳಿ ಹಿಡಿದು ಆಕಾರ ಕೊಡ್ತಾರೆ. ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿ ಒತ್ತಿ ಹಿಡೀತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಕೂರುತ್ತೆ. ಆಮೇಲೆ ಗರಿ ಒತ್ತಿ ಹೊಳಪು ತರ್ತಾರೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಶಿಯಾದ ಕಸುಬುದಾರರಿಂದ ಬಂದ ವಿದ್ಯೆ ಅಂತ ಅಲ್ಲಿನವರು ಹೇಳ್ತಾರೆ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಬಾವಾಸ್ ಮಿಯಾನ್ ಅನ್ನುವವರು ಈ ಕಸುಬಿಗೆ ಹೊಸ ದಾರಿ ತೋರಿಸಿದರು ಅಂತ ಈಗಲೂ ನೆನೀತಾರೆ.

ಅಗ್ಗದ ಪ್ಲಾಸ್ಟಿಕ್ ಆಟಿಕೆ ಬಂದಾಗ ಇವರಿಗೂ ಏಟು ಬಿತ್ತು. ಎಷ್ಟೋ ಲೇತ್‌ಗಳು ನಿಂತವು. ಆಮೇಲೆ ಭೌಗೋಳಿಕ ಗುರುತು, ಅಂದರೆ ಜಿಐ ಸಿಕ್ಕಿತು. 2020ರ ಬಜೆಟ್‌ನಲ್ಲಿ ವಿದೇಶಿ ಆಟಿಕೆ ಮೇಲಿನ ಸುಂಕ ಶೇ. 20ರಿಂದ ಶೇ. 60ಕ್ಕೆ ಏರಿತು.

ಮನೆಗೆ ಬಂದು ಅಪ್ಪನಿಗೆ ಅಲ್ಲಿಂದ ತಂದ ರೈಲು ತೋರಿಸಿದೆ. ಚಕ್ರ ತಿರುಗಿಸಿ ನೋಡಿ, "ಚೆನ್ನಾಗಿದೆ. ಆದರೆ ಲೇತಿನದ್ದು ಎಲ್ಲ ಉರುಟು ಮಾರಾಯ. ಉರುಟಿನಲ್ಲಿ ರೈಲು ಆಗುತ್ತೆ, ಮನೆ ಆಗಲ್ಲ. ಮನೆಗೆ ಮೂಲೆ ಬೇಕು" ಅಂದರು.

ನನ್ನ ಪ್ರಶ್ನೆಗೆ ಅಪ್ಪ ಕೊಟ್ಟ ಉತ್ತರ ಅಷ್ಟೇ. ನನಗೆ ಅದು ಸಾಕಾಯಿತು. ಅವರ ಬೆಟ್ಟದಲ್ಲಿ ಗಡಿಯಾರದ ಪೆಟ್ಟಿಗೆಯ ಚಪ್ಪಟೆ ಹಲಗೆ ಇತ್ತು. ನಮ್ಮಲ್ಲಿ ಆಟಿಕೆಯ ಕಸುಬು ಲೇತಿನ ಸುತ್ತ ಬೆಳೆಯಿತು. ಇನ್ನು ಅವರ ಮನೆಗಳಲ್ಲಿ ರೈಲು ಇಡೋಕೆ ಒಂದು ಕೋಣೆ ಖಾಲಿ ಇತ್ತು. ನಮ್ಮ ಮನೆಗಳಲ್ಲಿ ಕೋಣೆ ಖಾಲಿ ಇದ್ದರೆ ಅಡಿಕೆಯೋ ಕಾಫಿಯೋ ತುಂಬ್ತೀವಿ. ಹಾಗಂತ ನಮ್ಮ ಕಡೆ ಈ ಹುಚ್ಚು ಇಲ್ಲವೇ ಇಲ್ಲ ಅಂತಲ್ಲ. ಪುಣೆಯಲ್ಲಿ ಭಾವು ಜೋಶಿ ಅನ್ನುವವರು ಜೀವಮಾನವಿಡೀ ಕೂಡಿಸಿದ ಪುಟಾಣಿ ರೈಲುಗಳ ಮ್ಯೂಸಿಯಂ 1998ರಿಂದ ಇದೆ.

ಇಲ್ಲಿಯವರೆಗಿನದು ನಾನು ಒಂದು ಭಾನುವಾರದ ಲೇಖನಕ್ಕೆ ಅಂತ ಕೂಡಿಟ್ಟಿದ್ದ ಟಿಪ್ಪಣಿ. ಬರೆಯೋಕೆ ಆಗಲಿಲ್ಲ. 2019 ಬಂತು.

ಆ ವರ್ಷದ ಆಗಸ್ಟ್ ಎರಡನೇ ವಾರ ಮೂಡಿಗೆರೆ ತಾಲ್ಲೂಕಿನವರು ಯಾರೂ ಮರೆಯೋದಿಲ್ಲ. ಮಲೆಮನೆ, ಮಧುಗುಂಡಿ ಹೆಸರು ಟಿವಿಯಲ್ಲಿ ಬಂದವು. ಚಾರ್ಮಾಡಿ ಘಾಟಿ ಬಂದ್ ಆಯಿತು. ಸಕಲೇಶಪುರದ ರೈಲು ಹಳಿ ಮೇಲೂ ಗುಡ್ಡ ಕುಸಿಯಿತು. ಟಿವಿಯಲ್ಲಿ ಹೆಸರು ಬಾರದ ಮೂಲೆಗಳಲ್ಲೂ ಗುಡ್ಡ ಜಾರಿತು. ಅಂಥ ಒಂದು ಮೂಲೆಯಲ್ಲಿ ನಮ್ಮ ಮನೆ ಇತ್ತು.

ನಾನು ಅವತ್ತು ಮನೆಯಲ್ಲಿರಲಿಲ್ಲ. ಕೊಟ್ಟಿಗೆಹಾರದ ಹತ್ತಿರ ರಸ್ತೆಗೆ ಬಿದ್ದ ಮರದ ಫೋಟೊ ತೆಗೆಯುತ್ತಿದ್ದೆ. ಕರೆಂಟಿಲ್ಲ, ನೆಟ್‌ವರ್ಕಿಲ್ಲ. ಅಪ್ಪ ಅಮ್ಮ ಹಿಂದಿನ ಸಂಜೆಯೇ ತೋಟದ ಮೇಲಿನ ನೆಂಟರ ಮನೆಗೆ ಹೋಗಿದ್ದರಿಂದ ಉಳಿದರು. ಬಾವಿಯ ನೀರು ಕೆಂಪಾಗಿದ್ದು ಅಪ್ಪನಿಗೆ ಸರಿಕಾಣಲಿಲ್ಲವಂತೆ. ನಾನು ಮರುದಿನ ಮಧ್ಯಾಹ್ನ ನಡೆದು ಅಲ್ಲಿಗೆ ಮುಟ್ಟಿದಾಗ ಮನೆ ಇದ್ದಲ್ಲಿ ಮಣ್ಣಿತ್ತು. ಮುರಿದ ಮನೆ ಅಂತ ತೋರಿಸೋಕೂ ಏನೂ ಇರಲಿಲ್ಲ. ಕೆಂಪು ಮಣ್ಣು, ಬುಡಮೇಲಾದ ಸಿಲ್ವರ್ ಓಕ್, ಅಷ್ಟೇ.

ನಾನು ಫೋಟೊ ತೆಗೆದೆ. ಸುದ್ದಿ ಕಳಿಸಿದೆ. ನಮ್ಮ ಮನೆ ಅಂತ ಬರೆಯಲಿಲ್ಲ.

ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಪರಿಹಾರ ಅಂತ ಸರ್ಕಾರ ಹೇಳಿತು. ಅರ್ಜಿ ಹಾಕೋಕೆ ಹೋದೆವು. ಒಂದು ಕಚೇರಿಯಲ್ಲಿ, "ಮನೆ ಇತ್ತು ಅನ್ನೋಕೆ ಏನಿದೆ? ಎಷ್ಟು ಅಡಿ ಇತ್ತು? ಫೋಟೊ ಇದೆಯಾ?" ಅಂತ ಕೇಳಿದರು. ಕೇಳಿದ್ದು ತಪ್ಪಲ್ಲ. ಆದರೆ ನಮ್ಮಲ್ಲಿ ಇರಲಿಲ್ಲ. ಜಾಗದ ಕಾಗದ ಅಜ್ಜನ ಕಾಲದ ತಕರಾರಿನದ್ದು. ಇದ್ದ ರಸೀದಿಗಳೆಲ್ಲ ಮಣ್ಣಿನಡಿ. ಸಾವಿರಾರು ಜನರ ಫೋಟೊ ತೆಗೆದ ನನ್ನ ಫೋನಿನಲ್ಲಿ ನಮ್ಮ ಮನೆಯ ಪೂರ್ತಿ ಫೋಟೊ ಒಂದೂ ಇರಲಿಲ್ಲ. ಅಮ್ಮನ ಹಿಂದೆ ಅರ್ಧ ಕಿಟಕಿ, ನಾಯಿ ಹಿಂದೆ ಜಗಲಿಯ ಒಂದು ಕಂಬ. ಇಷ್ಟೇ.

ನಾನು ಪತ್ರಕರ್ತ ಅಂತ ಹೇಳಿಕೊಂಡು ತಿರುಗೋನು. ಅವತ್ತು ಆ ಕಚೇರಿಯ ಬೆಂಚಿನ ಮೇಲೆ ಅಪ್ಪನ ಮುಖ ನೋಡೋಕೆ ಆಗಲಿಲ್ಲ.

ಆಗ ನಾವು ಪರಿಹಾರ ಕೇಂದ್ರದಿಂದ ಬಾಡಿಗೆ ಮನೆಗೆ ಬಂದಿದ್ದೆವು. ಅಪ್ಪನ ಸಲಕರಣೆ ಎಲ್ಲ ಹೋಗಿತ್ತು. ಉಜ್ಜುಗೊರಡು, ಗರಗಸ, ಮೂಲೆಮಟ್ಟ, ಒಂದೂ ಇರಲಿಲ್ಲ. ಯಾರೋ ಒಂದು ಸಣ್ಣ ಉಳಿ ಕೊಟ್ಟರು, ನಾನು ಬ್ಲೇಡು, ಫೆವಿಕಾಲ್, ಸ್ಕೇಲು ತಂದುಕೊಟ್ಟೆ. ಹಣ್ಣಿನ ಪೆಟ್ಟಿಗೆಯ ತೆಳು ಹಲಗೆ, ಅಡಿಕೆ ಹಾಳೆ, ಬೆಂಕಿಕಡ್ಡಿ ಇಟ್ಟುಕೊಂಡು ಅಪ್ಪ ಕೂತರು. ಎಂತ ಮಾಡ್ತಿದ್ದೀರಿ ಅಂತ ಕೇಳಿದರೆ ಹೇಳಲಿಲ್ಲ. ಅಮ್ಮ ಮಾತ್ರ ಆಗಾಗ ಒಳಗಿನಿಂದ ಕೂಗೋರು: "ಅಡುಗೆಮನೆ ಕಿಟಕಿ ಅಷ್ಟು ದೊಡ್ಡದಿರ್ಲಿಲ್ಲ." ಅಪ್ಪ ಕಿತ್ತು ಸಣ್ಣದು ಮಾಡೋರು.

ಹದಿನೆಂಟು ದಿನ ಆಯಿತು. ಮುಗಿದ ಮೇಲೆ ನನ್ನನ್ನು ಕರೆದು ಸ್ಕೇಲು ಕೈಗೆ ಕೊಟ್ಟರು.

"ಅಳಿ. ಕಾಲು ಅಂಗುಲಕ್ಕೆ ಒಂದು ಅಡಿ."

ಅಳೆದೆ. ಎಂಟು ಅಂಗುಲ, ಅಂದರೆ ಮೂವತ್ತೆರಡು ಅಡಿ. ನಾಲ್ಕೂವರೆ ಅಂಗುಲ, ಅಂದರೆ ಹದಿನೆಂಟು ಅಡಿ. ಕಟ್ಟಿದವರೇ ಅವರಾದ್ದರಿಂದ ಪ್ರತಿ ಅಳತೆ ಕೈಯಲ್ಲಿ ಉಳಿದಿತ್ತು.

ಆ ರಾತ್ರಿ ಫೋನಿನಲ್ಲಿ ಲೆಕ್ಕ ಹಾಕಿದೆ. ಒಂದು ಅಡಿಗೆ ಹನ್ನೆರಡು ಅಂಗುಲ, ಅಂಗುಲಕ್ಕೆ ನಾಲ್ಕು ಕಾಲು. ನಲವತ್ತೆಂಟು. ಅಂದರೆ 1:48. ಅಮೆರಿಕದ ಮಾದರಿ ರೈಲಿನವರು 'ಓ' ಅಂತ ಕರೆಯುವ ಅಳತೆ ಸರಿಯಾಗಿ ಅದೇ. ಅವರೂ ಕಾಲು ಅಂಗುಲಕ್ಕೆ ಒಂದು ಅಡಿ ಅಂತಲೇ ಹೇಳೋದು. ಅಪ್ಪನಿಗೆ ಹೇಳಿದೆ. "ಮತ್ತಿನ್ನೇನು? ಲೆಕ್ಕಕ್ಕೆ ಸುಲಭ ಅಲ್ವಾ" ಅಂದು ಮಲಗಿದರು.

ಮರುವಾರ ಅದನ್ನು ಟವೆಲ್‌ನಲ್ಲಿ ಸುತ್ತಿ ಕಚೇರಿಗೆ ಒಯ್ದೆವು. ಕೆಲವರು ನಕ್ಕರು. ಒಬ್ಬ ಹುಡುಗ ಅಧಿಕಾರಿ ನಗಲಿಲ್ಲ. ಸ್ಕೇಲು ತರಿಸಿ ತಾನೇ ಅಳೆದು ಬರೆದುಕೊಂಡ, ನಾಲ್ಕು ಕಡೆಯಿಂದ ಫೋಟೊ ತೆಗೆದು ಫೈಲಿಗೆ ಸೇರಿಸಿದ. ಅದರಿಂದಲೇ ದುಡ್ಡು ಬಂತು ಅಂತ ನಾನು ಹೇಳೋದಿಲ್ಲ. ಕೊನೆಗೆ ಕೆಲಸಕ್ಕೆ ಬಂದಿದ್ದು ಹಳೇ ಕರೆಂಟ್ ಬಿಲ್ಲಿನ ನಕಲು, ಅಕ್ಕಪಕ್ಕದವರ ಹೇಳಿಕೆ. ಎರಡು ವರ್ಷ ಓಡಾಡಿದ ಮೇಲೆ ಕಂತಿನಲ್ಲಿ ಬಂತು. ಆದರೆ ಅವತ್ತು ಆ ಹುಡುಗ "ಅಜ್ಜಾ, ಬಚ್ಚಲು ಹಿಂದಕ್ಕಿತ್ತಾ?" ಅಂತ ಕೇಳಿದಾಗ ಅಪ್ಪನ ಬೆನ್ನು ನೇರವಾದದ್ದನ್ನು ನಾನು ನೋಡಿದೆ. ಅಲ್ಲಿಯವರೆಗೆ ನಾವು ಕೇಳೋರು, ಅವರು ಕೊಡೋರು. ಆ ಐದು ನಿಮಿಷ ಅಪ್ಪ ಮನೆ ಇದ್ದವರಾಗಿದ್ದರು.

ಸುದ್ದಿ ಹಬ್ಬಿತು. ಮನೆ ಕಳಕೊಂಡ ಇನ್ನಿಬ್ಬರು ಬಂದು, "ಆಚಾರ್ರೇ, ನಮ್ಮದೂ ಒಂದು" ಅಂದರು. ಅಪ್ಪ ಮಾಡಿಕೊಟ್ಟರು. ದುಡ್ಡು ತಗೊಳ್ಳಲಿಲ್ಲ. ಮೂರನೆಯದು ಒಬ್ಬ ಅಜ್ಜಿಯದ್ದು. ಮುಗಿಸಿ ಕೊಟ್ಟಾಗ ಅಜ್ಜಿ ಅದನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲಿನ ಸಂದಿಯಿಂದ ಒಳಗೆ ಇಣುಕಿ ನೋಡಿದರು. ಒಳಗೆ ಏನೂ ಇರಲಿಲ್ಲ. ಅಪ್ಪ ಹೊರಗಿನದ್ದಷ್ಟೇ ಮಾಡಿದ್ದರು. ಅಜ್ಜಿ ಅಳಲಿಲ್ಲ. "ದೇವರ ಮೂಲೆ ಇಲ್ಲ" ಅಂದರು. ಅಷ್ಟೇ ಮಾತು. ಅಪ್ಪ ವಾಪಸ್ ತಗೊಂಡು, ಮಾಡು ಬಿಚ್ಚಿ, ಒಳಗೆ ಗೋಡೆ ಎತ್ತಿ, ಒಂದು ಗೂಡು ಕೊರೆದು ಕೊಟ್ಟರು. ಆಮೇಲೆ ಯಾರು ಕೇಳಿದರೂ ಮಾಡಲಿಲ್ಲ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ನನಗೆ ಇದರಲ್ಲಿ ಒಳ್ಳೆ ಸುದ್ದಿ ಕಂಡಿತ್ತು. 'ಕಳೆದ ಮನೆಗಳ ಶಿಲ್ಪಿ' ಅಂತ ತಲೆಬರಹವೂ ಹೊಳೆದಿತ್ತು. ಅಜ್ಜಿ ಮಡಿಲಲ್ಲಿ ಮನೆ ಇಟ್ಟುಕೊಂಡಾಗ ನನ್ನ ಕೈ ಫೋನಿನ ಕಡೆ ಹೋಯಿತು. ಅಪ್ಪ ನೋಡಿದರು. ಆಗ ಏನೂ ಅನ್ನಲಿಲ್ಲ. ಅವರು ಹೋದ ಮೇಲೆ ಅಂದರು:

"ನಮ್ಮನೆ ಇದ್ದಾಗ ಒಂದು ಫೋಟೊ ತೆಗೀಲಿಲ್ಲ ನೀನು. ಹೋದ ಮೇಲೆ ತೆಗೀತಿದ್ದೀಯ."

ನಾನು ಆ ಸುದ್ದಿ ಬರೆಯಲಿಲ್ಲ. ಇವತ್ತು ಇಲ್ಲಿ ಬರೆಯುವ ಮೊದಲು ಅಪ್ಪನ ಹತ್ತಿರ ಕೇಳಿದ್ದೇನೆ. ಅಜ್ಜಿಯ ಊರು ಹೆಸರು ಹಾಕಬೇಡ ಅಂದರು, ಹಾಕಿಲ್ಲ.

1946ರ ಆ ಅಣ್ಣತಮ್ಮಂದಿರ ಬಗ್ಗೆ ನನಗೀಗ ನಗು ಬರೋದಿಲ್ಲ. ಅವರ ಮನಸ್ಸಿನಲ್ಲಿ ಏನಿತ್ತೋ, ವ್ಯಾಪಾರವೇ ಇದ್ದಿರಬಹುದು. ಆದರೆ ಕೊಂಡವರನ್ನು ಯೋಚಿಸ್ತೀನಿ. ಊರು ಸುಟ್ಟುಹೋದ ಒಬ್ಬ ಮನುಷ್ಯ ಸಂಜೆ ಮೇಜಿನ ಮುಂದೆ ಕೂತು ಗೋಡೆಗೆ ಗೋಡೆ ಅಂಟಿಸಿ, ಒಣಗುವವರೆಗೆ ಎರಡು ಬೆರಳಲ್ಲಿ ಹಿಡಿದುಕೊಂಡಿರುತ್ತಾನಲ್ಲ, ಅವನಿಗೆ ಅದು ಆಟ ಅಲ್ಲ ಅಂತ ನನಗೆ ಅನಿಸುತ್ತೆ. ಅಪ್ಪ ಹಾಗೆ ಹಿಡಿದುಕೊಂಡಿದ್ದನ್ನು ಹದಿನೆಂಟು ರಾತ್ರಿ ನೋಡಿದ್ದೇನೆ.

ಓದುವ ನಿಮಗೆ ಒಂದು ಮಾತು. ಮಳೆಗಾಲ ಪ್ರತಿ ವರ್ಷ ಬರುತ್ತೆ. ಇವತ್ತೇ ಫೋನ್ ಹಿಡಿದು ಹೊರಗೆ ಬನ್ನಿ. ನಿಮ್ಮ ಮನೆಯ ನಾಲ್ಕೂ ಕಡೆಯ ಫೋಟೊ ತೆಗೆಯಿರಿ, ಒಳಗಿನದ್ದೂ ತೆಗೆಯಿರಿ. ಟೇಪು ಹಿಡಿದು ಉದ್ದ ಅಗಲ ಅಳೆದು ಒಂದು ಹಾಳೆಯಲ್ಲಿ ಬರೆಯಿರಿ. ಕಂದಾಯದ ರಸೀದಿ, ಕರೆಂಟ್ ಬಿಲ್ಲು, ಜಾಗದ ಕಾಗದ ಎಲ್ಲದರ ಫೋಟೊ ತೆಗೆದು ದೂರದ ಊರಲ್ಲಿರುವ ಮಗನಿಗೋ ಮಗಳಿಗೋ ತಂಗಿಗೋ ಕಳಿಸಿ. ಐದು ನಿಮಿಷದ ಕೆಲಸ. ನಾನು ಮಾಡಿರಲಿಲ್ಲ.

ಈಗಿರುವ ಮನೆ ಸಣ್ಣದು, ಶೀಟಿನದು, ಜಾಗ ಬೇರೆ. ಗೃಹಪ್ರವೇಶದ ಮರುದಿನ ಬೆಳಿಗ್ಗೆ ಅಪ್ಪ ಹೊಸ ಟೇಪು ತಂದು ಒಂದು ತುದಿ ನನ್ನ ಕೈಗೆ ಕೊಟ್ಟು ಅಂಗಳದ ಆ ಕಡೆ ನಡೆದರು.

"ಹಿಡ್ಕೋ ಸರಿಯಾಗಿ. ಇದರದ್ದೂ ಬರೆದಿಡೋಣ" ಅಂದರು.

ಹಿಡಿದುಕೊಂಡೆ. ಇಪ್ಪತ್ತಾರು ಅಡಿ, ಮೂರು ಅಂಗುಲ.